ಕೊಡಲಿ ಅಕ್ಷರದ ಖಾನಾವಳಿ

ನಮ್ಮ ಅಂಗಡಿಯಲ್ಲಿ ಅದಕ್ಕೆ ಕೊಡಲಿ ಅಕ್ಷರ ಎಂದು ಹೆಸರು. ಹೆಸರಿಟ್ಟದ್ದು ನಾನಲ್ಲ. ಟ್ರ್ಯಾಕ್ಟರ್ ಟ್ರಾಲಿಯ ಹಿಂದೆ ಅಪ್ಪನ ಹೆಸರು ಹಾಕಿಸಲು ಬಂದಿದ್ದ ಮೊರಬದ ರೈತನೊಬ್ಬ ಕಂಪ್ಯೂಟರಿನ ಮೇಲೆ ಬಗ್ಗಿ ಸ್ವಲ್ಪ ಹೊತ್ತು ನೋಡಿ, "ಕೊಡ್ಲಿಲೆ ಕಡದಂಗ ಅದಾವಲ್ರಿ ಅಕ್ಕಾರ, ಇವನ್ನ ಹಾಕ್ರಿ" ಅಂದ. ಆಮೇಲೆ ಬಂದವರೆಲ್ಲ ಅದೇ ಹೆಸರು ಹಿಡಿದು ಕೇಳತೊಡಗಿದರು. ನಾನು ಆ ಅಕ್ಷರಕ್ಕೆ ಬೇರೇನೋ ಗಂಭೀರವಾದ ಹೆಸರು ಯೋಚಿಸಿಟ್ಟಿದ್ದೆ. ಅದನ್ನು ಒಬ್ಬರೂ ಕೇಳಲಿಲ್ಲ.

ಅಣ್ಣಿಗೇರಿಯಲ್ಲಿ ನಾನು ನಡೆಸುವ ಬ್ಯಾನರ್ ಅಂಗಡಿ ಚಿಕ್ಕದು. ಒಂದು ಕಂಪ್ಯೂಟರು, ಸ್ಟಿಕರ್ ಕತ್ತರಿಸುವ ಒಂದು ಮಷಿನ್ನು, ಗೋಡೆಗೆ ಒರಗಿಸಿದ ಕಬ್ಬಿಣದ ಚೌಕಟ್ಟುಗಳು. ಫ್ಲೆಕ್ಸ್ ಮಾತ್ರ ಹುಬ್ಬಳ್ಳಿಯಲ್ಲಿ ಮುದ್ರಿಸಿ ತರುತ್ತೇನೆ. ಮದುವೆ, ತೊಟ್ಟಿಲು, ಹುಟ್ಟುಹಬ್ಬ, ಶ್ರದ್ಧಾಂಜಲಿ, ಊರಿನ ಸುಖದುಃಖವೆಲ್ಲ ನನ್ನ ಕೈಮೇಲೆ ಹಾಯ್ದೇ ಕಂಬ ಏರಬೇಕು. ಅದರ ಸೊಕ್ಕು ನನಗಿತ್ತು. ಈಗಲೂ ಪೂರ್ತಿ ಇಳಿದಿದೆ ಎಂದು ಹೇಳಲಾರೆ.

ಅಕ್ಷರ ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಮದುವೆಗೆ ಮುಂಚೆ ಹುಬ್ಬಳ್ಳಿಯ ಒಂದು ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದೆ. ಕಾಲೇಜುಗಳ ಪ್ರಮಾಣಪತ್ರ ಮುದ್ರಿಸುವಾಗ ಇಂಗ್ಲಿಷ್ ತಲೆಬರಹಕ್ಕೆ ಅಲ್ಲಿ ಒಂದೇ ಬಗೆಯ ಅಕ್ಷರ ಹಾಕುತ್ತಿದ್ದರು. ದಪ್ಪ ನಿಲುವುಗೆರೆ, ಬಾಗಬೇಕಾದ ಕಡೆ ಬಾಗದೆ ಮುರಿದು ನಿಂತ ಮೂಲೆ, ಆ ಮೂಲೆಯಿಂದ ಹೊರಟ ಕೂದಲೆಳೆಯಂಥ ಬಾಲ. ಬ್ಲ್ಯಾಕ್‌ಲೆಟರ್ ಎಂದು ಅದರ ಹೆಸರು. ಯುರೋಪಿನಲ್ಲಿ ಅಚ್ಚಿನ ಯಂತ್ರ ಬರುವ ಮೊದಲು ಅಗಲ ಮೂತಿಯ ಲೇಖನಿ ಹಿಡಿದು ಧರ್ಮಗ್ರಂಥ ನಕಲು ಮಾಡುತ್ತಿದ್ದವರ ಕೈಬರಹವಂತೆ ಅದು. ಅಕ್ಷರದೊಳಗಿನ ಬಿಳಿ ಜಾಗ ಗೆರೆಯಷ್ಟೇ ಸಣ್ಣದಾದ್ದರಿಂದ ಪುಟವೆಲ್ಲ ಕಪ್ಪಾಗಿ ಕಾಣುತ್ತದೆ. ದೇವರ ಮಾತು ಬರೆದ ಅದೇ ಅಕ್ಷರ ಈಗ ಬಿಯರ್ ಬಾಟಲಿಯ ಮೇಲೆ, ಬೈಕಿನ ಟ್ಯಾಂಕಿನ ಮೇಲೆ, ಹುಡುಗರ ತೋಳಿನ ಹಚ್ಚೆಯಲ್ಲಿ ಬಂದು ಕೂತಿದೆ.

ನನಗೆ ಅದರ ಮೇಲೆ ಮನಸ್ಸು ಬಿತ್ತು. ಸ್ವಂತ ಅಂಗಡಿ ಹಾಕಿದ ಮೇಲೆ ಗಿರಾಕಿಯಿಲ್ಲದ ಮಧ್ಯಾಹ್ನಗಳಲ್ಲಿ ಅದನ್ನು ಕನ್ನಡಕ್ಕೆ ಎಳೆದು ತರಲು ಕೂತೆ. ನಮ್ಮ ಅಕ್ಷರಗಳೆಲ್ಲ ಗುಂಡಗೆ, ಉಂಡು ಕೂತವರ ಹಾಗೆ. ಅವುಗಳ ಹೊಟ್ಟೆ ಮುರಿಯಬೇಕು, ಆದರೂ ಅವು ಅವೇ ಆಗಿ ಉಳಿಯಬೇಕು. ತಲಕಟ್ಟನ್ನು ಓರೆಯಾಗಿ ಕೊಯ್ದೆ, ಕೊಡಲಿಯ ಬಾಯಿಯಾಯಿತು. ಗುಡಿಸಿನ ಗುಂಡನ್ನು ಒಡೆದು ಮೂಲೆ ಮಾಡಿದೆ. ಕೆಲವು ಅಕ್ಷರ ಒಂದೇ ಮಧ್ಯಾಹ್ನಕ್ಕೆ ಮಾತು ಕೇಳಿದವು, ಕೆಲವು ಜೀವ ತಿಂದವು. ವರ್ಣಮಾಲೆ ಪೂರ್ತಿಯಾದ ದಿನ ಗಂಡನಿಗೆ ತೋರಿಸಿದೆ. ಅವರು ಸಾಲಿ ಮಾಸ್ತರರು. "ಚಂದ ಐತಿ. ಆದ್ರ ನೋಡಿದ್ರ ಅಂಜಿಕಿ ಬರತೈತಿ" ಅಂದರು. ಇವರಿಗೆ ಒಂದನೇ ಇಯತ್ತೆಯ ಪುಸ್ತಕದ ಅಕ್ಷರ ಬಿಟ್ಟು ಇನ್ನೇನು ಗೊತ್ತು ಎಂದು ನನಗೆ ಸಿಟ್ಟು ಬಂತು. ಆ ದಿನದ ಸಾರಿಗೆ ಉಪ್ಪು ಹಾಕಲು ಮರೆತೆ, ಬೇಕೆಂದೇ.

ಮೊದಲು ಹಾಕಿದ್ದು ನವಲಗುಂದ ರಸ್ತೆಯ ಒಂದು ಬಾರ್‌ಗೆ. ಆಮೇಲೆ ಮಾಂಸದೂಟದ ಒಂದು ಸಾವಜಿ ಖಾನಾವಳಿಗೆ, ಕಪ್ಪು ಬೋರ್ಡಿನ ಮೇಲೆ. ಮುಂದೆ ಗರಡಿಮನೆ, ಜಿಮ್ಮು, ಎತ್ತಿನ ಖಾಲಿ ಗಾಡಾ ಓಡಿಸುವ ಸ್ಪರ್ಧೆಯ ಬ್ಯಾನರು, ಡಿಜೆ ಪೆಟ್ಟಿಗೆ, ಎಲ್ಲಕ್ಕೂ ಅದೇ. ಅದನ್ನು ಬಳಸುವುದಕ್ಕೆ ನನ್ನದೇ ಕಟ್ಟಳೆಯಿತ್ತು. ಒಂದು ಪದ, ಹೆಚ್ಚೆಂದರೆ ಎರಡು. ದೊಡ್ಡದಾಗಿರಬೇಕು, ಸುತ್ತ ಧಾರಾಳ ಜಾಗ ಬಿಡಬೇಕು. ಸಾಲುಗಟ್ಟಲೆ ಬರೆದರೆ ಅದು ಬರೀ ಕತ್ತಲೆ. ಮದುವೆ ಪತ್ರಿಕೆಗೆ ಕೇಳಿದವರನ್ನು, "ಮದಿವಿಗೆ ಕರೀತೀರೋ ಜಗಳಕ್ಕೋ?" ಎಂದು ಬೈದು ಕಳಿಸುತ್ತಿದ್ದೆ. ಯಾವ ಅಕ್ಷರ ಎಲ್ಲಿ ಕೂಡಬೇಕು, ಎಲ್ಲಿ ಕೂಡಬಾರದು ಎಂಬುದು ಊರಿನಲ್ಲಿ ಯಾರಿಗಿಂತಲೂ ಚೆನ್ನಾಗಿ ನನಗೆ ಗೊತ್ತಿತ್ತು. ಗೊತ್ತಿದ್ದೂ ಕೂಡಬಾರದ ಕಡೆ ಕೂಡಿಸಿದೆ.

ಆಕೆ ಅಂಗಡಿಗೆ ಬಂದದ್ದು ಶ್ರಾವಣಕ್ಕೆ ಸ್ವಲ್ಪ ಮುಂಚೆ. ಐವತ್ತರ ಆಸುಪಾಸಿನ ಹೆಂಗಸು. ಮದುವೆ, ಸೀಮಂತ, ಬೀಗರೂಟ ಯಾವುದಿದ್ದರೂ ರೊಟ್ಟಿ ಬಡಿಯಲು ಊರವರು ಆಕೆಯನ್ನೇ ಕರೆಯುತ್ತಿದ್ದರು. ಆಕೆ ಬಡಿದ ಜೋಳದ ರೊಟ್ಟಿಯ ಅಂಚು ಒಡೆಯುತ್ತಿರಲಿಲ್ಲ, ಹಂಚಿನ ಮೇಲೆ ಹಾಕಿದ್ದೇ ತಡ ಉಬ್ಬುತ್ತಿತ್ತು. ಆಕೆಯ ಗಂಡ ಕಾಳಿನ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಿದ್ದವನು, ಸೊಂಟ ಹಿಡಿದು ಮನೆಯಲ್ಲಿ ಕೂತಿದ್ದ. ಆದ್ದರಿಂದ ಬಸ್ ಸ್ಟ್ಯಾಂಡಿನ ಎದುರು ಒಂದು ಮಳಿಗೆ ಹಿಡಿದು, ನೆಗೆಣ್ಣಿಯನ್ನು ಜೊತೆಗೆ ಹಾಕಿಕೊಂಡು ರೊಟ್ಟಿ ಊಟದ ಖಾನಾವಳಿ ತೆಗೆಯುವವಳಿದ್ದಳು. ಇನ್ನು ಮುಂದೆ ಮನೆ ನಡೆಯಬೇಕಾದ್ದು ಅದರ ಮೇಲೆಯೇ.

"ಬಸ್ಸಿನ್ಯಾಗ ಕುಂತವರಿಗೂ ಕಾಣಬೇಕ್ರಿ ಅಕ್ಕಾರ," ಅಂದಳು. ವಯಸ್ಸಿನಲ್ಲಿ ನನಗಿಂತ ಹಿರಿಯಳು, ಆದರೂ ಅಂಗಡಿಯಲ್ಲಿ ಕೂತವಳು ನಾನಾದ್ದರಿಂದ ನಾನೇ ಅಕ್ಕ. "ಒಂದ್ ಬಾಜು ದೇವಿ ಫೋಟೋ, ಇನ್ನೊಂದ್ ಬಾಜು ತಾಟಿನ್ಯಾಗ ರೊಟ್ಟಿ, ಬದ್ನಿಕಾಯಿ ಪಲ್ಯಾ. ನಡುವ ಹೆಸರು. ಎಲ್ಲಾರೂ ಹಾಕಸ್ತಾರಲ್ರಿ, ಹಂಗ."

ಎಲ್ಲರೂ ಹಾಕಿಸುವ ಹಾಗೆ ಎಂಬ ಮಾತು ನನಗೆ ಆಗುವುದಿಲ್ಲ. ದೇವಿ, ತಾಟು, ಮೂಲೆಗೊಂದು ಗುಲಾಬಿ ಹೂವು ಕೂಡಿಸಿ ಕೂಡಿಸಿ ನನ್ನ ಕೈ ಬೇಸತ್ತು ಹೋಗಿತ್ತು. "ಎಲ್ಲಾರ ಹಂಗ ಹಾಕಿಸಿದ್ರ ನಿಮ್ಮದನ್ನ ಯಾರ ನೋಡತಾರ ಯಕ್ಕಾ?" ಎಂದು ಖಾನಾವಳಿ ಎಂಬ ಒಂದೇ ಪದವನ್ನು ಕೊಡಲಿ ಅಕ್ಷರದಲ್ಲಿ ಹೊಡೆದು ತೋರಿಸಿದೆ. ಕಪ್ಪು ಬೋರ್ಡು, ಬಿಳಿ ಅಕ್ಷರ, ಬೇರೆ ಏನೂ ಇಲ್ಲ. ನಿಜ ಹೇಳುತ್ತೇನೆ, ಆ ಪದ ಆ ಅಕ್ಷರಕ್ಕಾಗಿಯೇ ಹುಟ್ಟಿದಂತಿತ್ತು. ಕೊನೆಯ ಅಕ್ಷರದ ತಲೆ ಮೇಲೆದ್ದು ನಿಂತ ಚಂದವನ್ನು ನಾನೇ ಮತ್ತೆ ಮತ್ತೆ ನೋಡಿದೆ.

ಆಕೆ ನೋಡಿ, "ಅಕ್ಷರ ಸಿಟ್ಟಿಗೆದ್ದಂಗ ಕಾಣತಾವಲ್ರಿ," ಅಂದಳು.

"ಸಿಟ್ಟಲ್ಲ ಯಕ್ಕಾ, ಅದು ಗತ್ತು."

"ನಿಮಗ ತಿಳೀತೈತ್ರಿ. ಚಂದ ಕಂಡದ್ದ ಹಾಕ್ರಿ."

ಆಕೆ ನನ್ನನ್ನು ನಂಬಿ ಆ ಮಾತು ಹೇಳಿದಳು. ನಾನು ಅದನ್ನು ಒಪ್ಪಿಗೆ ಎಂದು ತೆಗೆದುಕೊಂಡೆ.

ಬೋರ್ಡು ಏರಿದ ದಿನ ರಸ್ತೆಯ ಆಚೆ ಚಹಾದಂಗಡಿಯ ಮುಂದೆ ನಿಂತು ನೋಡುತ್ತಲೇ ಇದ್ದೆ. ಹಸಿರು, ಗುಲಾಬಿ, ಹಳದಿ ಬ್ಯಾನರುಗಳ ಗದ್ದಲದ ನಡುವೆ ಅದೊಂದೇ ಸುಮ್ಮನೆ ಎದೆ ಸೆಟೆಸಿ ನಿಂತಿತ್ತು. ಕಾಲೇಜು ಹುಡುಗರು ಅದರ ಕೆಳಗೆ ನಿಂತು ಫೋಟೋ ಹೊಡೆಸಿಕೊಂಡರು. ಆ ಫೋಟೋ ಮೊಬೈಲಿನಿಂದ ಮೊಬೈಲಿಗೆ ಹೋಗಿ, ಮಿಶ್ರಿಕೋಟಿಯ ಜಿಮ್ಮಿನವರು ಬಂದರು, ಕುಂದಗೋಳದ ಕಡೆಯಿಂದ ಕುಸ್ತಿ ಕಮಿಟಿಯವರು ಬಂದರು. "ಖಾನಾವಳಿ ಬೋರ್ಡಿನಂಥಾದ್ದು" ಎಂದೇ ಎಲ್ಲರೂ ಕೇಳಿದರು. ಅಷ್ಟು ವರ್ಷ ಬಡಿದಾಡಿದ ಅಕ್ಷರಕ್ಕೆ ಒಳ್ಳೆಯ ಕಾಲ ಬಂದಿದ್ದೇ ಆಕೆಯ ಬೋರ್ಡಿನಿಂದ.

ಶ್ರಾವಣದ ಒಂದು ಸೋಮವಾರ ಫ್ಲೆಕ್ಸ್ ತರಲು ಹುಬ್ಬಳ್ಳಿಗೆ ಹೊರಟಿದ್ದೆ. ಗದಗ ಕಡೆಯಿಂದ ಬಂದ ಬಸ್ಸು ಸ್ಟ್ಯಾಂಡಿನಲ್ಲಿ ನಿಂತಿತು, ನಾನು ಹತ್ತಿ ಕೂತೆ, ಕಂಡಕ್ಟರ್ ಚಹಾಕ್ಕೆ ಇಳಿದ. ನನ್ನ ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರಿದ್ದರು, ದೇವರಿಗೆ ಹೋಗಿ ಬಂದವರು, ಹಣೆಯ ತುಂಬ ವಿಭೂತಿ. ಹಸಿದಿದ್ದರು ಎಂದು ಮಾತಿನಿಂದಲೇ ತಿಳಿಯುತ್ತಿತ್ತು.

"ಅಲ್ಲೆ ಖಾನಾವಳಿ ಐತಲ್ಲ ಬೇ, ನಾಕ್ ರೊಟ್ಟಿ ಕಟ್ಟಿಸ್ಕೊಂಡ ಬರ್ಲೇನು?" ಅಂದಳು ಒಬ್ಬಳು.

ಇನ್ನೊಬ್ಬಳು ಕಿಟಕಿಯಿಂದ ಇಣುಕಿದಳು. "ಏ, ಬ್ಯಾಡ. ಅದು ತಿನ್ನಾವ್ರದು, ಕುಡ್ಯಾವ್ರದು ಇರಬೇಕು. ಅಕ್ಷರ ನೋಡು ಹೆಂಗ ಅದಾವು. ಇವತ್ತ ಸೋಮಾರ ಐತಿ, ಅದರ ಹೊಚ್ಚಲಾ ತುಳಿಯೂದು ಬ್ಯಾಡ."

ತಿನ್ನುವವರು ಎಂದರೆ ನಮ್ಮ ಕಡೆ ಮಾಂಸ ತಿನ್ನುವವರು. ಇಬ್ಬರೂ ಕಿಟಕಿಯಿಂದಲೇ ಬಾಳೆಹಣ್ಣು ತೆಗೆದುಕೊಂಡು ತಿಂದರು. ಬೋರ್ಡನ್ನು ಅವರು ಸರಿಯಾಗಿಯೇ ಓದಿದ್ದರು, ಆ ಪದ ತಿಳಿಯಲು ತೊಂದರೆಯೇನೂ ಆಗಿರಲಿಲ್ಲ. ಆದರೆ ಪದ ಓದುವ ಮೊದಲೇ ಅಕ್ಷರದ ರೂಪ ಅವರಿಗೆ ಬೇರೊಂದು ಸುದ್ದಿ ಹೇಳಿಬಿಟ್ಟಿತ್ತು. ಗುಂಡಗಿನ ಅಕ್ಷರ, ಪಕ್ಕದಲ್ಲಿ ದೇವಿ ಇದ್ದರೆ ಸೋಮವಾರದವರೂ ನಿಶ್ಚಿಂತೆಯಿಂದ ಹೋಗಬಹುದಾದ ಜಾಗ. ಕಪ್ಪು ಬೋರ್ಡು, ಚೂಪು ಅಕ್ಷರ ಇದ್ದರೆ ಬಾರು, ಇಲ್ಲವೇ ಮಟನ್ನು. ಆ ಗುರುತನ್ನು ಈ ಸೀಮೆಯ ಕಣ್ಣಿಗೆ ಹಚ್ಚಿದವಳು ಯಾರು? ಬಾರಿಗೂ ಸಾವಜಿಗೂ ಅದನ್ನು ಮೊದಲು ಹಾಕಿಕೊಟ್ಟವಳು ನಾನೇ. ತಿರುಗಿ, ಅಲ್ಲಿ ಇಬ್ಬರು ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಾರೆ, ಹೋಗಿ ಬನ್ನಿ ಎಂದು ಹೇಳಬಹುದಿತ್ತು. ಬಸ್ಸು ಹೊರಟಿತು.

ಮಾರನೆಯ ದಿನ ಊಟದ ಹೊತ್ತಿಗೆ ಖಾನಾವಳಿಗೆ ಹೋದೆ. ಬೆಂಚುಗಳು ಖಾಲಿ ಇದ್ದವು. ರೊಟ್ಟಿಯ ಬುಟ್ಟಿ ತುಂಬಿತ್ತು, ಮೇಲೆ ಬಿಳಿ ಅರಿವೆ ಹೊಚ್ಚಿತ್ತು. ಆಕೆ ನನ್ನನ್ನು ನೋಡಿ ಅರಳಿದಳು. ಕೂಡಿಸಿ, ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಡಿಸಿದಳು. ನಾನು ಎರಡು ತುತ್ತು ಉಣ್ಣುವವರೆಗೆ ಮುಖವನ್ನೇ ನೋಡುತ್ತ ನಿಂತಿದ್ದು, ಆಮೇಲೆ ಮೆಲ್ಲಗೆ ಕೇಳಿದಳು.

"ಒಂದ್ ಖರೇ ಹೇಳ್ರಿ ಅಕ್ಕಾರ. ರುಚಿಯಾಗ ಏನರ ಹೆಚ್ಚುಕಮ್ಮಿ ಆಗೇತೇನು?"

"ಇಲ್ಲ ಯಕ್ಕಾ, ಅಗದಿ ಚಲೋ ಅದಾವು."

"ಮತ್ತ ಮಂದಿ ಯಾಕ ಬರವಲ್ರು?" ಆಕೆ ಸೆರಗಿನಿಂದ ಬೆಂಚು ಒರೆಸಿದಳು, ಒರೆಸುವಂಥದ್ದೇನೂ ಅದರ ಮೇಲೆ ಇರಲಿಲ್ಲ. "ಬಾಗಲ ತನಕ ಬರತಾರ, ಮ್ಯಾಲ ನೋಡತಾರ, ಹೊಳ್ಳಿ ಹೋಗತಾರ. ಸಂಜಿಮುಂದ ಬರಾವ್ರು ಬಾಟ್ಲಿ ಹಿಡಕೊಂಡ ಬರತಾರ, ಗ್ಲಾಸು ಕೇಳತಾರ. ಇಲ್ಲ ಅಂದ್ರ ಬೈತಾರ. ನಾವಿಬ್ಬರೂ ಹೆಣ್ಮಕ್ಕಳು, ಹೊತ್ತು ಮುಳುಗೂದ್ರಾಗ ಕದಾ ಹಾಕತೇವ್ರಿ. ಬದ್ನಿಕಾಯಿ ಮಸಾಲಿ ಬದಲ ಮಾಡಿದೆ, ಖಾರಾ ಕಮ್ಮಿ ಮಾಡಿದೆ. ಜ್ವಾಳಾ ಬ್ಯಾರೆದವರ ಕಡೆ ತಂದೆ. ಏನೂ ಆಗವಲ್ದು. ನಿಮ್ಮ ಬೋರ್ಡಿಂದು ಏನೂ ತಪ್ಪಿಲ್ರಿ, ಅದನ್ನ ಎಲ್ಲಾರೂ ನಿಂತ ನೋಡತಾರ. ನನ್ನ ಕೈಗುಣಾನ ಹೋಗೇತಿ."

ಬಾಗಿಲತನಕ ಬಂದು, ಮೇಲೆ ನೋಡಿ, ಹೊರಳಿ ಹೋಗುತ್ತಾರೆ. ಅಷ್ಟು ಸ್ಪಷ್ಟವಾಗಿ ಹೇಳಿದವಳಿಗೆ ಕಾರಣ ಮಾತ್ರ ಕಾಣಲಿಲ್ಲ. ಕಂಡಿದ್ದ ನಾನು ಬಾಯಿ ಬಿಡಲಿಲ್ಲ. "ಹೊಸದ್ರಾಗ ಹಂಗ ಯಕ್ಕಾ, ಸ್ವಲ್ಪ ದಿನ ಬೇಕು" ಅಂದೆ. ಆಕೆ ಇನ್ನೊಂದು ರೊಟ್ಟಿ ಹಾಕಿದಳು. ತಿಂದೆ.

ಯಾಕೆ ಹೇಳಲಿಲ್ಲ? ಆಗ ಏನೇನೋ ಕಾರಣ ಹೇಳಿಕೊಂಡೆ. ಬೋರ್ಡು ತಪ್ಪು ಎಂದರೆ ಅಕ್ಷರ ತಪ್ಪು ಎಂದು ಊರು ತಿಳಿಯುತ್ತದೆ, ಜಿಮ್ಮಿನವರು, ಕುಸ್ತಿಯವರು ಏನನ್ನುತ್ತಾರೆ ಎಂದುಕೊಂಡೆ. ದಸರೆಯ ಬ್ಯಾನರುಗಳ ಗದ್ದಲ ಮುಗಿಯಲಿ, ಸುಮ್ಮನೆ ಹೊಸ ಬೋರ್ಡು ಮಾಡಿ ಹಾಕಿಬಿಡೋಣ ಎಂದುಕೊಂಡೆ. ಗುಂಡಗಿನ ಅಕ್ಷರ, ದೇವಿ, ರೊಟ್ಟಿಯ ತಾಟು, ಮೂಲೆಗೆ ಬೇಕಾದರೆ ಗುಲಾಬಿಯನ್ನೂ ಕೂಡಿಸಿ ಒಂದನ್ನು ಮಾಡಿಯೂ ಇಟ್ಟೆ. ಅದು ಕಂಪ್ಯೂಟರಿನಲ್ಲೇ ಉಳಿಯಿತು. ಪ್ರತಿದಿನ ಯಾರಾದರೊಬ್ಬರು ಕೊಡಲಿ ಅಕ್ಷರ ಕೇಳಿಕೊಂಡು ಬರುತ್ತಿದ್ದರು, ನನ್ನ ಕೈ ಬಿಡುವಾಗುತ್ತಿರಲಿಲ್ಲ. ಕಾರಣಗಳೆಲ್ಲ ಹೊರಗಿನವು. ಒಳಗಿದ್ದದ್ದು ಒಂದೇ. ಆ ಬೋರ್ಡು ನಾನು ಮಾಡಿದ್ದರಲ್ಲೆಲ್ಲ ಚಂದದ್ದಾಗಿತ್ತು, ಅದನ್ನು ಕೆಳಗಿಳಿಸಲು ನನಗೆ ಮನಸ್ಸಿರಲಿಲ್ಲ. ನೆನೆದರೆ ನಾಚಿಕೆಯಾಗುತ್ತದೆ.

ದೀಪಾವಳಿ ದಾಟಿದ ಮೇಲೆ ಒಂದು ದಿನ ಆ ಕಡೆ ಹೋದಾಗ ಮಳಿಗೆಯ ಕದ ಹಾಕಿತ್ತು. ಬಿಟ್ಟು ಹೋದರು ಎಂದು ಚಹಾದಂಗಡಿಯವನು ಹೇಳಿದ. ಸ್ವಲ್ಪ ದಿನಕ್ಕೆ ಮಳಿಗೆ ಹಿಡಿದ ಹೊಸಬ ನನ್ನ ಅಂಗಡಿಗೇ ಬಂದ. ಮಾಂಸದೂಟದ ಖಾನಾವಳಿ ತೆಗೆಯುವವನಿದ್ದ. "ಬೋರ್ಡ್ ಭಾರಿ ಐತ್ರಿ ಅಕ್ಕಾರ, ತಗಿಯೂದು ಬ್ಯಾಡ. ಕೆಳಗ ಮಟನ್, ಚಿಕನ್ ಅಂತ ಒಂದ್ ಸಾಲ್ ಅಷ್ಟ ಕೂಡಿಸಿ ಕೊಡ್ರಿ" ಅಂದ. ಕೂಡಿಸಿ ಕೊಟ್ಟೆ. ಮೊದಲ ವಾರದಿಂದಲೇ ಅಲ್ಲಿ ನಿಲ್ಲಲು ಜಾಗವಿಲ್ಲ. ಅಕ್ಷರ ತನ್ನ ಜಾಗಕ್ಕೆ ಸೇರಿತ್ತು. ಅಕ್ಷರದ್ದೇನೂ ತಪ್ಪಿರಲಿಲ್ಲ.

ಆಮೇಲೆ ತಡೆಯಲಾಗಲಿಲ್ಲ. ಆಕೆಯ ಮನೆ ಹುಡುಕಿಕೊಂಡು ಹೋದೆ. ಅಂಗಳದಲ್ಲಿ ರಾಶಿ ಕೆಂಪು ಮೆಣಸಿನಕಾಯಿ ಮುಂದಿಟ್ಟುಕೊಂಡು ತೊಟ್ಟು ಬಿಡಿಸುತ್ತಿದ್ದಳು, ಕೂಲಿಗೆ ತಂದದ್ದು. ಕೈಗೆ ಹಳೆಯ ಅರಿವೆ ಸುತ್ತಿಕೊಂಡಿದ್ದಳು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿಬಿಟ್ಟೆ. ಬಸ್ಸಿನಲ್ಲಿ ಕೇಳಿದ್ದು, ಬಾರಿಗೂ ಸಾವಜಿಗೂ ಅದೇ ಅಕ್ಷರ ಹಾಕಿದ್ದು, ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡಿದ್ದು. "ನಿಮ್ಮ ಕೈಯಾಗ ಏನೂ ತಪ್ಪಿರಲಿಲ್ಲ ಯಕ್ಕಾ. ತಪ್ಪೆಲ್ಲಾ ನಂದು."

ಆಕೆ ಬೈಯಲಿಲ್ಲ. ಬೈಯಲಿ ಎಂದೇ ನಾನು ಹೋಗಿದ್ದೆ. ನಕ್ಕಳು.

"ಅಕ್ಷರ ನೋಡಿ ಯಾರರ ಊಟಾ ಬಿಡತಾರೇನ್ರಿ?"

"ಬಿಟ್ರು ಯಕ್ಕಾ, ನಾ ಕಿವಿಯಾರೆ ಕೇಳೀನಿ."

"ಅದ ಜಾಗಾ, ಅದ ಬೋರ್ಡು," ಅಂದಳು, ತೊಟ್ಟು ಬಿಡಿಸುವುದನ್ನು ನಿಲ್ಲಿಸದೆ. "ಈಗ ಅಲ್ಲೆ ಕುಂಡ್ರಾಕ ಜಾಗಾ ಇಲ್ಲಂತ. ಬೋರ್ಡಿಂದ ತಪ್ಪಿದ್ರ ಅವರಿಗ್ಯಾಕ ನಡೀತೈತ್ರಿ? ನನಗ ಸಮಾಧಾನ ಆಗಲಿ ಅಂತ ನಿಮ್ಮ ಕೆಲಸಾನ ತಪ್ಪ ಅಂತ ನೀವ ಅನ್ನಾಕ ಹತ್ತೀರಿ. ದೊಡ್ಡ ಮನಸ್ಸ್ರಿ ನಿಮ್ಮದು. ಕುಂಡ್ರಿ, ಚಾ ಮಾಡತೀನಿ."

ಅವನು ಮಾಂಸದವನು, ಅವನಿಗೆ ಆ ಅಕ್ಷರ ಹೊಂದುತ್ತದೆ, ನಿಮಗೆ ಹೊಂದಲಿಲ್ಲ ಎಂದು ಎಷ್ಟು ತಿಳಿಸಿ ಹೇಳಿದರೂ, "ಹೌದ್ರಿ, ಹೌದ್ರಿ" ಎಂದು ಹಟ ಮಾಡುವ ಕೂಸನ್ನು ರಮಿಸುವಂತೆ ತಲೆಯಾಡಿಸಿದಳು. ಚಹಾ ಕೊಟ್ಟಳು. ಬಾಗಿಲವರೆಗೆ ಬಂದು ಕಳಿಸಿದಳು. ಮಾಡಿದ ತಪ್ಪನ್ನು ಒಪ್ಪಿಕೊಳ್ಳಲು ಹೋದವಳು ದೊಡ್ಡ ಮನಸ್ಸಿನವಳು ಎಂದು ಅನ್ನಿಸಿಕೊಂಡು ಮನೆಗೆ ಬಂದೆ.

ಈ ವರ್ಷ ತಂಗಿಯ ಮಗುವಿನ ತೊಟ್ಟಿಲ ಕಾರ್ಯ ನಮ್ಮ ಮನೆಯಲ್ಲೇ ಆಯಿತು. ಮಾತಿನಿಂದ ಆಗದ್ದನ್ನು ರೊಟ್ಟಿಯಿಂದ ಮಾಡೋಣ ಎಂದು ನಾನೇ ಹೋಗಿ ಆಕೆಯನ್ನು ಕರೆದೆ. ಬೀಗರು, ನೆಂಟರು, ಓಣಿಯವರು ಎಲ್ಲ ಉಂಡು ಆಕೆಯ ಎದುರೇ ಹೊಗಳಲಿ, ಅವರ ಬಾಯಿಂದ ಕೇಳಿದರೆ ನಂಬಿಯಾಳು ಎಂಬ ಆಸೆ. ಬೆಳಗ್ಗೆಯೇ ಬಂದಳು. ಹಿತ್ತಲಲ್ಲಿ ಒಲೆ ಹೂಡಿದಳು, ಹಿಟ್ಟು ಸಾಣಿಸಿದಳು, ನಾದಲು ಬಂದಿದ್ದ ಓಣಿಯ ಇಬ್ಬರು ಹೆಂಗಸರಿಗೆ ಕುದಿಯುವ ನೀರು ತಂದುಕೊಟ್ಟಳು. ಅವರು ನಾದಿ ಮುಗಿಸಿ ಬಡಿಯಲು ಕೂಡುವ ಹೊತ್ತಿಗೆ ಆಕೆ ಎದ್ದು ಪಕ್ಕಕ್ಕೆ ಸರಿದು, ಇಳಿಗೆಮಣೆ ಎಳೆದುಕೊಂಡು ಬದನೆಕಾಯಿಯ ಮುಂದೆ ಕೂತಳು.

"ಯಕ್ಕಾ, ರೊಟ್ಟಿ ಬಡ್ಯಾಕ ನೀವ ಕುಂಡ್ರಬೇಕು. ಅದಕ್ಕ ಕರದೀನಿ," ಅಂದೆ.

"ಬ್ಯಾಡ್ರಿ ಅಕ್ಕಾರ," ಅಂದಳು, ಯಾರಿಗೂ ಕೇಳಿಸದ ಹಾಗೆ. "ಕೂಸಿನ ಕಾರ್ಯ ಐತಿ, ನಾಕ್ ಮಂದಿ ಉಣ್ಣೂ ದಿನ. ನನ್ನ ಕೈ ಹಚ್ಚೂದು ಬ್ಯಾಡ."

ಓಣಿಯ ಆ ಇಬ್ಬರು ಹೆಂಗಸರೇ ಬಡಿಯಲು ಕೂತರು. ಮೊದಲ ರೊಟ್ಟಿಯ ಅಂಚು ಒಡೆಯಿತು, ಎರಡನೆಯದೂ ಒಡೆಯಿತು. ಅದನ್ನು ನೋಡಿ ಆಕೆಯ ಕೈ ತಾನಾಗಿಯೇ ಹಿಟ್ಟಿನ ಕಡೆ ಚಾಚಿತು. ಅಲ್ಲಿಗೆ ಮುಟ್ಟುವ ಮೊದಲೇ ಹಿಂದೆ ತೆಗೆದುಕೊಂಡಳು. ಸೆರಗಿಗೆ ಒರೆಸಿಕೊಂಡು, ಇನ್ನೊಂದು ಬದನೆಕಾಯಿ ಎತ್ತಿಕೊಂಡಳು.